ನೀರು ಬಂದ ದಿನದ ಬೆಂಕಿ

"ಫೈರ್ ಎಂಜಿನ್ ಡ್ರೈವರ್ ಮನೇಗೇ ಬೆಂಕಿ ಬಿದ್ಬುಡ್ತು ಕಣ್ರೀ. ಮೇನ್ ಆಫ್ ಮಾಡಿ ಅವ್ರೇ ಮರಳು ಎರಚಿ ಆರಿಸ್ಬುಟ್ರು," ಎಂದು ಮನೆ ಒಡತಿ ಸಿದ್ದಲಿಂಗಮ್ಮ ಕಾಂಪೌಂಡಿನಾಚೆಗೆ ಸುದ್ದಿ ಮುಟ್ಟಿಸುತ್ತಿದ್ದಾರೆ. ರಾಜೀವನಗರದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮೆಟ್ಟಿಲ ಕೆಳಗೆ, ಕಪ್ಪಾದ ಮೀಟರ್ ಬೋರ್ಡಿನ ಮುಂದೆ, ಬಾಡಿಗೆದಾರ ಚೆಲುವರಾಜು ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ಕರಗಿದ ಫ್ಯೂಸು.

ಇಪ್ಪತ್ತೆರಡು ವರ್ಷದಿಂದ ಅಗ್ನಿಶಾಮಕ ವಾಹನ ಓಡಿಸುವ ಇವರಿಗೊಂದು ಅಭ್ಯಾಸ. ಹೋದಲ್ಲೆಲ್ಲ ಸುಟ್ಟ ಸ್ವಿಚ್ಚೋ ವೈರಿನ ತುಂಡೋ ಕೇಳಿ ತರುತ್ತಾರೆ. ಬಡಾವಣೆ, ತಾರೀಖು, ಫೋನ್ ನಂಬರ್ ಬರೆದ ಚೀಟಿ ಕಟ್ಟಿ ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತಾರೆ. ಈ ವರ್ಷದ್ದೇ ಹನ್ನೊಂದಿವೆ.

"ಕುವೆಂಪುನಗರದಲ್ಲಿ ಗೀಸರ್, ರಾಮಕೃಷ್ಣನಗರದಲ್ಲಿ ಮೋಟ್ರು. ಇವೆಲ್ಲ ಯಾಕ್ ಹೊತ್ಕೊಂಡ್ವೋ, ಎಂಗ್ ಜೋಡ್ಸಿದ್ರೂ ತಾಳೆನೇ ಆಗಲ್ಲ. ತಲೆ ಕೆಟ್ಟೋಗದೆ," ಎನ್ನುತ್ತಾರೆ.

ಒಂದಂತಸ್ತಿದ್ದ ಈ ಮನೆ ಹತ್ತು ವರ್ಷದಲ್ಲಿ ಮೂರಂತಸ್ತಾಗಿದೆ. ಬೋರ್ಡಿನ ವೈರು ಮಾತ್ರ ಆಗಿನದೇ. ಅದು ಚೆಲುವರಾಜು ಅವರಿಗೂ ಗೊತ್ತು. "ಆದ್ರೆ ಇವತ್ತೇ ಯಾಕೆ? ನಿನ್ನೆ ಯಾಕಿಲ್ಲ?"

"ನಿನ್ನೆ ನೀರೆಲ್ಲಿತ್ತಪ್ಪ?" ಸಿದ್ದಲಿಂಗಮ್ಮ ತಟ್ಟನೆ ಕೇಳುತ್ತಾರೆ. "ದಿನ ಬಿಟ್ಟು ದಿನ ಬರೋದು. ಎಲ್ಲಿ ನಿಂತೋಯ್ತದೋ ಅಂತ ಮೂರು ಮನೇರೂ ಒಟ್ಗೇ ಮೋಟ್ರು ಹಾಕಲ್ವಾ? ನಿಮ್ ಗೀಸರ್ರೂ ಓಡ್ತಿತ್ತು. ಊರ್ ಬೆಂಕಿ ಆರ್ಸೋರಿಗೆ ಇದನ್ನೂ ಹೇಳ್ಕೊಡ್ಬೇಕಾ?"

ಚೆಲುವರಾಜು ಎದ್ದು ಒಳಗೆ ಹೋಗುತ್ತಾರೆ. ಡಬ್ಬ ತಂದು ಮೆಟ್ಟಿಲ ಮೇಲೆ ಸುರಿಯುತ್ತಾರೆ. ಒಂದೊಂದೇ ಚೀಟಿ ನೋಡಿ ಫೋನು ಹಚ್ಚುತ್ತಾರೆ: "ಅವತ್ತು ನಿಮ್ ಕಡೆ ನೀರ್ ಬಿಟ್ಟಿದ್ರಾ?" ಹತ್ತು ಗಂಟೆಯ ಹೊತ್ತಿಗೆ ಹನ್ನೊಂದರಲ್ಲಿ ಏಳು, ನೀರು ಬಿಟ್ಟ ದಿನ ಸುಟ್ಟವು, ಒಂದು ಕಡೆ ಸೇರಿವೆ. ಉಳಿದ ನಾಲ್ಕು ಯಾಕೆ ಹೊತ್ತಿದವೋ ಇನ್ನೂ ತಿಳಿದಿಲ್ಲ. ಅವನ್ನು ಮತ್ತೆ ಡಬ್ಬಕ್ಕೆ ಹಾಕುತ್ತಾರೆ.

"ತಾರೀಖು ಬರ್ದೆ, ನೀರಿನ್ ದಿನ ಬರೀಲಿಲ್ಲ. ನಮ್ಮನೇಲೇ ನಡೀತಿದ್ರೂ ಕಾಣ್ಲಿಲ್ಲ."

ಸಿದ್ದಲಿಂಗಮ್ಮನವರಿಗೆ ಬೇರೆ ಅವಸರ. ನಾಳಿದ್ದು ಮತ್ತೆ ನೀರು ಬರುತ್ತದೆ. "ಸದ್ಯಕ್ಕೆ ಟೇಪ್ ಸುತ್ಸಿ ಬುಡಿ."

"ಬೇಡಮ್ಮ. ನಾಳಿದ್ದು ಮತ್ತೆ ಇದೇ ಆಯ್ತದೆ. ಮೇಲಿನ್ ಮನೆ ಮಗು ಇಳಿಯಕ್ಕೂ ಇದೊಂದೇ ಮೆಟ್ಲು. ವೈರು ಬದಲಾಯಿಸ್ಬೇಕು, ಮೋಟ್ರಿಗೆ ಸರದಿ ಮಾಡ್ಕೋಬೇಕು."

"ಮೇಲ್ನೋರು ಒಪ್ಬೇಕಲ್ಲ."

"ನಾಳೆ ನೀರಿಲ್ಲ, ಎಲ್ರಿಗೂ ಪುರುಸೊತ್ತಿರ್ತದೆ. ಬೆಳಗ್ಗೆ ಆರಕ್ಕೆ ಇಲ್ಲೇ ಕರೀರಿ. ಇಷ್ಟ್ ವರ್ಷ ಹತ್ಕೊಂಡ್ಮೇಲೇ ಹೋಗಿದೀನಿ. ಒಂದ್ಸಲನಾದ್ರೂ ಮುಂಚೆ ಹೋಗ್ಬೇಕು."

ಸಿದ್ದಲಿಂಗಮ್ಮ ಸುಟ್ಟ ಬೋರ್ಡನ್ನೂ ಮೇಲಿನ ಬಾಗಿಲನ್ನೂ ನೋಡುತ್ತಾರೆ. "ಆರಕ್ಕಾ? ಸರಿ, ಕಾಫಿ ನಾನಿಡ್ತೀನಿ."