ಅಗ್ನಿಶಿಖೆಯ ಗೆಡ್ಡೆ ತಿಂದವರು

ಮೊದಲು ತುಟಿ ಜೋಮು ಹಿಡಿಯಿತು.

ಅಂದು ಮಧ್ಯಾಹ್ನ ನಾನೂ ನನ್ನ ನಾದಿನಿ ರಾಜಮ್ಮನೂ ಬೇಯಿಸಿದ ಗೆಣಸು ತಿಂದಿದ್ದೆವು. ಸೋಮವಾರವಾದ್ದರಿಂದ ಅತ್ತೆ ಒಪ್ಪತ್ತು ಇದ್ದರು. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿರುವ ನಮ್ಮ ಯಜಮಾನರು ಪಾಠಕ್ಕೆ ಹೋಗಿದ್ದರು. ಹಿತ್ತಲ ಜಗಲಿಯಲ್ಲಿ ಒಂದು ಕುಕ್ಕೆ ತುಂಬ ಗೆಡ್ಡೆಗಳಿದ್ದವು. ಯಾರೋ ತಂದುಕೊಟ್ಟ ಗೆಣಸೆಂದುಕೊಂಡು ರಾಜಮ್ಮ ಅದರಿಂದಲೂ ನಾಲ್ಕಾರು ತೆಗೆದು ಮನೆಯ ಗೆಣಸಿನ ಜೊತೆ ಬೇಯಲು ಹಾಕಿದ್ದಳು. ನನ್ನ ಪಾಲಿನದರಲ್ಲಿ ಒಂದು ಕಹಿಯಾಗಿತ್ತು. ಅರ್ಧ ತಿಂದು ಇಟ್ಟುಬಿಟ್ಟೆ.

"ಬೆಲ್ಲ ಕಚ್ಕೊಂಡ್ ತಿನ್ನಿ ಅತ್ಗೆ, ಏನೂ ಗೊತ್ತಾಗಲ್ಲ," ಎಂದು ರಾಜಮ್ಮ ನಕ್ಕಳು. ನಾನು ಬಿಟ್ಟದ್ದನ್ನೂ ಅವಳೇ ತಿಂದಳು. ಹಂಗಳದ ಹುಡುಗನೊಂದಿಗೆ ಅವಳ ಮದುವೆ ಗೊತ್ತಾಗಿತ್ತು. ಆಗೆಲ್ಲ ಅವಳಿಗೆ ಯಾವಾಗಲೂ ಹಸಿವು, ಯಾವಾಗಲೂ ನಗು.

ಸಂಜೆಯ ಹೊತ್ತಿಗೆ ಗಂಟಲು ಉರಿಯತೊಡಗಿತು. ಆಮೇಲೆ ವಾಂತಿ. ಆಮೇಲೆ ಭೇದಿ, ಅಕ್ಕಿ ತೊಳೆದ ನೀರಿನ ಹಾಗೆ. ಕಾಲು ಸೆಳೆದು ಗಂಟು ಕಟ್ಟುತ್ತಿತ್ತು. ನಾನು ಬಚ್ಚಲ ಗೋಡೆ ಹಿಡಿದು ಕೂತಿದ್ದರೆ, ರಾಜಮ್ಮ ಆಚೆ ನೆಲದ ಮೇಲೆ ಬಿದ್ದುಕೊಂಡು "ಅವ್ವಾ, ಅವ್ವಾ" ಎನ್ನುತ್ತಿದ್ದಳು.

ಯಜಮಾನರು ಬಂದರು. ನಮ್ಮನ್ನು ನೋಡಿದರು. ನೇರ ಹಿತ್ತಲಿಗೆ ಹೋಗಿ ಬಂದರು. ಮುಖದಲ್ಲಿ ರಕ್ತವಿರಲಿಲ್ಲ.

"ಏನು ತಿಂದ್ರಿ?"

ನನಗಿಂತ ಮೊದಲು ಅತ್ತೆ ಉತ್ತರ ಕೊಟ್ಟರು. "ಇನ್ನೇನ್ ತಿಂದಾರು ಮಗಾ? ನಿನ್ನೆ ಸಂತೆಮರಹಳ್ಳಿ ತವರಿಂದ ಇವಳು ಬುತ್ತಿ ಕಟ್ಕೊಂಡ್ ಬಂದಿಲ್ವಾ? ಅಲ್ಲಿ ಕಾಲರಾ ಅಂತೆ ಕಣ. ತಂದು ನಮ್ಮನೇಗೇ ಅಂಟಿಸ್ಬುಟ್ಟಳು."

ಯಜಮಾನರು ಬಸ್ಸು ನಿಲ್ಲಿಸಲು ರಸ್ತೆಗೆ ಓಡಿದರು.

ಕಾಲರಾ ಎಂದ ಮೇಲೆ ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲ. ಮದ್ದೂರು ಕಾಡಿನಿಂದ ಮರ ತುಂಬಿಕೊಂಡು ಬಂದಿದ್ದ ಲಾರಿಯವನ ಕಾಲು ಹಿಡಿದು ನಮ್ಮಿಬ್ಬರನ್ನೂ ಚಾಮರಾಜನಗರದ ಆಸ್ಪತ್ರೆಗೆ ಸಾಗಿಸಿದರು. ಬೇರೆ ರೋಗಿಗಳಿಂದ ದೂರದ ವಾರ್ಡು. ಕೈಗೆ ಸಲೈನ್ ಸೂಜಿ. ನೆಲಕ್ಕೆ ಸುಣ್ಣದ ಪುಡಿ. ಡಾಕ್ಟರು "ಏನು ತಿಂದಿದ್ರು?" ಎಂದು ಕೇಳಿದಾಗ ಯಜಮಾನರು, "ಇವಳ ತವರಿನ ಕಡೆ ಕಾಲರಾ ಇದೆ ಸಾರ್," ಎಂದರು. ಅದು ನನ್ನ ಕಿವಿಗೆ ಬಿತ್ತು. ಅದೇ ನಿಜವೆಂದು ನಾನೂ ನಂಬಿದೆ.

ರಾಜಮ್ಮನಿಗೆ ಒಮ್ಮೆ ವಾಂತಿ ನಿಂತಿತು. ಎಲ್ಲರೂ ಉಸಿರು ಬಿಟ್ಟೆವು. ಪಕ್ಕದ ಮಂಚದಿಂದ ನನ್ನತ್ತ ತಿರುಗಿ, "ಅತ್ಗೆ, ನಂಗೆ ಕೈ ಇದ್ದಂಗೇ ಇಲ್ಲ," ಎಂದಳು. ಬಳಿಕ ಮೂಗಿನಲ್ಲಿ, ವಸಡಿನಲ್ಲಿ ರಕ್ತ ಬಂತು. ಉಸಿರು ಮೇಲೆ ಮೇಲೆ ಹೋಯಿತು.

ಮೂರನೆಯ ದಿನ, ಬೆಳಕಿದ್ದಾಗಲೇ ಹೋದಳು.

ಅತ್ತೆ ನನ್ನ ಮಂಚದ ಕಂಬಿ ಹಿಡಿದು ಅಲ್ಲಾಡಿಸಿದರು. "ನನ್ ಮಗೀನ ತಿಂದ್ಬುಟ್ಟು ನೀನು ಉಳ್ಕೊಂಡ್ಯಲ್ಲೇ!" ಯಜಮಾನರು ಅವರ ತೋಳು ಹಿಡಿದು ಹೊರಗೆ ಕರೆದೊಯ್ದರು.

ಆದರೆ ನನ್ನನ್ನು ಅವರು ಚೆನ್ನಾಗಿ ನೋಡಿಕೊಂಡರು. ಹಾಗೆಂದು ನಾನು ತಿಳಿದಿದ್ದೆ. ಶಾಲೆಗೆ ರಜೆ ಹಾಕಿ ಬಳಿಯಲ್ಲೇ ಕೂತರು. ಮದುವೆಯಾದಾಗಿನಿಂದ ನನ್ನ ಮೈಯ ಬಗ್ಗೆ ಒಂದು ಮಾತು ಕೇಳದವರು, ಈಗ ಮಗುವನ್ನು ಕೇಳುವಷ್ಟು ಮೆತ್ತಗೆ ಕೇಳುತ್ತಿದ್ದರು. ಬಾಯಿ ಇನ್ನೂ ಉರಿಯುತ್ತಾ? ಜೋಮು ಬೆರಳಲ್ಲೋ, ಮಣಿಕಟ್ಟಿನ ತನಕವೋ? ಪಾದ ಮುಟ್ಟಿದರೆ ಗೊತ್ತಾಗುತ್ತಾ? ಸಾಯುವುದಾದರೂ ಇಂಥ ಗಂಡನ ಎದುರು ಸಾಯುತ್ತೇನಲ್ಲ ಎಂದು ನನಗೆ ಸಮಾಧಾನವಾಗುತ್ತಿತ್ತು.

ಅನ್ನದ ಗಂಜಿ ಹೊಟ್ಟೆಯಲ್ಲಿ ನಿಲ್ಲತೊಡಗಿದ ಮೇಲೆ ನರ್ಸಮ್ಮ ತಲೆ ಬಾಚಲು ಬಂದರು. ಬಾಚಣಿಗೆ ಎಳೆದರು. ಜಡೆಯೇ ಕೈಗೆ ಬಂತು.

ನೋವೇ ಆಗಲಿಲ್ಲ.

ಉಳಿದ ಕೂದಲು ದಿಂಬಿನ ಮೇಲೆ, ಸೆರಗಿನ ಮೇಲೆ, ಗಂಜಿಯ ಬಟ್ಟಲಿನಲ್ಲಿ ಉದುರಿತು. ಹುಬ್ಬು ಕೂಡ ಹೋಯಿತು. ಗಂಡ ಬದುಕಿರುವಾಗಲೇ ಬೋಳುತಲೆ. ಅತ್ತೆ ನೋಡಿ ಮುಖ ತಿರುಗಿಸಿ, "ನನ್ ಮಗನಿಗೇನ್ ಕೇಡು ತರ್ತಾಳೋ," ಎಂದು ಎದ್ದು ಹೋದರು. ಯಜಮಾನರು ಮಾತ್ರ ದಿಂಬಿನ ಮೇಲಿನ ಕೂದಲನ್ನು ಆಯ್ದು ಕಾಗದದ ಪೊಟ್ಟಣದಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಂಡರು. ನನಗೆ ಅಳು ಬಂತು. ಅವರ ಪ್ರೀತಿಗೆ ಅಳು ಬಂತು.

ಡಾಕ್ಟರು ಮಾತ್ರ ನನ್ನ ತಲೆ ನೋಡಿ ಸುಮ್ಮನಾಗಲಿಲ್ಲ. "ಕಾಲರಾದಲ್ಲಿ ಕೂದಲು ಹೀಗೆ ಹೋಗೋದಿಲ್ಲ ಮೇಷ್ಟ್ರೇ. ಇವರಿಗೆ ಏನು ಕೊಟ್ಟಿರಿ?" ಎಂದರು. ಯಜಮಾನರು ಅವರನ್ನು ಕಿಟಕಿಯ ಬಳಿಗೆ ಕರೆದುಕೊಂಡು ಹೋಗಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತನಾಡಿದರು. ಮರುದಿನ ಯಜಮಾನರು ಊಟಕ್ಕೆ ಹೋಗಿದ್ದಾಗ ಡಾಕ್ಟರು ಸ್ಟೂಲ್ ಎಳೆದುಕೊಂಡು ಕೂತು ನನಗೆ ಕನ್ನಡದಲ್ಲಿ ಹೇಳಿದರು.

ಕುಕ್ಕೆಯಲ್ಲಿದ್ದದ್ದು ಗೆಣಸಲ್ಲ. ಅಗ್ನಿಶಿಖೆಯ ಗೆಡ್ಡೆ. ಬೇಲಿಗಳ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಹೂವಿನ ಬಳ್ಳಿ. ಹೂ ನಾನು ಕಂಡಿದ್ದೆ, ಬೇರು ಕಂಡಿರಲಿಲ್ಲ. ಕೀಲುನೋವಿಗೆ ಹೊರದೇಶದಿಂದ ತರಿಸುವ ಔಷಧಿಯ ಸತ್ವ ನಮ್ಮ ಕಾಡಿನ ಈ ಗೆಡ್ಡೆಯಲ್ಲಿಯೇ ಇದೆಯೆಂದು, ಅದನ್ನು ಬೇರ್ಪಡಿಸಲು ಯಜಮಾನರು ಮದ್ದೂರು ಕಡೆಯಿಂದ ಅಗೆಸಿ ತಂದಿದ್ದರು. ಬೆಳಿಗ್ಗೆ ಪಾಠಕ್ಕೆ ತಡವಾಯಿತೆಂದು ಅಡುಗೆಮನೆಯ ಬಾಗಿಲ ಹೊರಗಿನ ಜಗಲಿಯಲ್ಲೇ ಇಟ್ಟು ಹೋಗಿದ್ದರು. ಮುಟ್ಟಬೇಡಿ ಎಂದು ಯಾರಿಗೂ ಹೇಳಿರಲಿಲ್ಲ.

"ಮೊದಲೇ ಹೇಳಿದ್ದರೆ ರಾಜಮ್ಮ ಉಳೀತಿದ್ದಳಾ ಸಾರ್?"

ಡಾಕ್ಟರು ಕೊರಳಿನ ಸ್ಟೆತಸ್ಕೋಪನ್ನು ತೆಗೆದು ಮಡಿಸಿದರು. "ಇದಕ್ಕೆ ಪ್ರತಿಮದ್ದು ಇಲ್ಲಮ್ಮ. ಆದರೆ ಬಂದ ತಕ್ಷಣ ಹೊಟ್ಟೆ ತೊಳೀತಿದ್ದೆ. ಉಳೀತಿದ್ದಳೋ ಇಲ್ಲವೋ, ಹೇಳಲಾರೆ."

ಹೇಳಲಾರೆ ಎಂಬ ಆ ಮಾತು ನನ್ನೊಳಗೆ ಹಾಗೆಯೇ ಕೂತಿದೆ. ಇಲ್ಲ ಎಂದಿದ್ದರೆ ಅತ್ತು ಮುಗಿಸಬಹುದಿತ್ತು. ಹೌದು ಎಂದಿದ್ದರೆ ಗಂಡನನ್ನು ದ್ವೇಷಿಸಿ ನಿರಾಳವಾಗಬಹುದಿತ್ತು.

ಯಜಮಾನರು ಬಂದರು. ನಾನು ಕೇಳಿದೆ: "ನನ್ನ ಕೂದಲು ಯಾಕೆ ಇಟ್ಕೊಂಡ್ರಿ?"

ಅವರು ಸುಳ್ಳು ಹೇಳಲಿಲ್ಲ. "ಮೈಸೂರಿನ ಪ್ರೊಫೆಸರಿಗೆ ತೋರಿಸೋಣ ಅಂತ. ಬೇರು ಸಮೇತ ಉದುರಿದೆ, ಅದಕ್ಕೆ." ಆಮೇಲೆ ಮುಖ ಮುಚ್ಚಿಕೊಂಡು ಅತ್ತರು. "ಪೊಲೀಸರು ಬಂದರೆ ಕೆಲಸ ಹೋಗುತ್ತೆ ಅಂತ ಹೆದರಿದೆ ಕಣೇ. ಕಾಲರಾ ಅಂತ ಅವ್ವನೇ ಅಂದುಬಿಟ್ಟಳು."

"ಅದೇ ಅವ್ವನಿಗೆ ಈಗ ನಿಜ ಹೇಳಿ," ಎಂದೆ.

ಮನೆಗೆ ಬಂದ ದಿನ ನನ್ನ ಎದುರಿಗೇ ಹೇಳಿದರು. ಅತ್ತೆ ಕೂಗಾಡುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಮಗನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು.

"ಬುಡು ಮಗ. ನೀನೇನ್ ಬೇಕೂಂತ ಮಾಡ್ದ್ಯಾ? ಅವಳ ಆಯಸ್ಸು ಅಷ್ಟೇ ಇತ್ತು ಕಣ. ಯಾರ್ಗೂ ಏಳ್ಬ್ಯಾಡ."

ನನ್ನ ಕೈಯಲ್ಲಾದರೆ ಕೊಲೆ. ಮಗನ ಕೈಯಲ್ಲಾದರೆ ಆಯಸ್ಸು.

ಆಮೇಲಿನ ತಿಂಗಳುಗಳಲ್ಲಿ ನಾನು ನಡೆಯುವುದನ್ನು ಕಲಿತೆ. ಬೆರಳಿಗೆ ಸೂಜಿ ಹಿಡಿಯಲು ಇನ್ನೂ ಬರುವುದಿಲ್ಲ. ರವಿಕೆಯ ಗುಂಡಿಯನ್ನು ನೋಡಿಕೊಂಡೇ ಹಾಕಬೇಕು. ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ನನ್ನ ತವರಿನವರು ಬಂದರೆ ಬೀದಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಯಜಮಾನರು ಮಾತ್ರ ಹಿತ್ತಲ ಕೋಣೆಯಲ್ಲಿ ಮತ್ತೆ ಕೆಲಸಕ್ಕೆ ಕೂತರು. ಒಂದು ದಿನ ಸಣ್ಣ ಸೀಸೆಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ತಳದಲ್ಲಿ ನಸುಹಳದಿ ಪುಡಿ.

"ಸಿಕ್ಕಿತು," ಎಂದರು. ನಾನು ಸಂತೋಷಪಡುತ್ತೇನೆಂದು ಕಾದರು.

ನಾನು ತಲೆಗೆ ಸೆರಗೂ ಹೊದೆಯದೆ ಬಾವಿಗೆ ಹೋದೆ. ಹೆಂಗಸರೆಲ್ಲ ಇದ್ದರು. ರಾಜಮ್ಮನಿಗೆ ಕಾಲರಾ ಆಗಿರಲಿಲ್ಲ, ನಮ್ಮ ಮನೆಯವರು ತಂದಿಟ್ಟ ವಿಷದ ಗೆಡ್ಡೆ ತಿಂದಳು, ನನಗೂ ಆದದ್ದು ಅದೇ ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹಿಂದೆಯೇ ಬಂದಿದ್ದ ಅತ್ತೆ, "ಮನೆ ಮರ್ವಾದಿ ತೆಗ್ದ್ಬುಟ್ಯಲ್ಲೇ!" ಎಂದು ಕಿರುಚಿದರು.

ಯಾರೂ ಕೊಡ ಎತ್ತಿಕೊಂಡು ಸರಿಯಲಿಲ್ಲ. ಆಮೇಲೆ ಮೂಲೆಮನೆಯ ಸಿದ್ದಮ್ಮ ಹತ್ತಿರ ಬಂದು ನನ್ನ ತಲೆಯ ಮೇಲೆ ಅಂಗೈ ಇಟ್ಟಳು. ಹೊಸದಾಗಿ ಹುಟ್ಟಿದ ಮೆತ್ತನೆಯ ಕೂದಲನ್ನು ಸವರಿದಳು.

"ಬತ್ತಾ ಅದೆ ಕಣವ್ವ," ಎಂದಳು.