ಜಾಣಪ್ಪನ ಹಿಂಗಾಲು

ಬೆಳಗಿನ ಐದೂಕಾಲು. ಟಿವಿ ಸ್ಟುಡಿಯೋದ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಕತ್ತೆಯೊಂದು ಈ ಗೋಡೆಯಿಂದ ಆ ಗೋಡೆಗೆ ನಡೆದಾಡುತ್ತಿದೆ. ಬೂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದದ್ದು, ಹೊಟ್ಟೆಯ ಮೇಲೆ ಹಳದಿ ತೇಪೆ. ಮಕ್ಕಳಿರುವ ಮನೆಯವರಿಗೆ ಇಷ್ಟು ಹೇಳಿದರೆ ಸಾಕು. ಹೌದು, ಅದೇ ಜಾಣಪ್ಪ. ವಾರದಲ್ಲಿ ಐದು ದಿನ ಬೆಳಿಗ್ಗೆ ಏಳಕ್ಕೆ ನೇರಪ್ರಸಾರದಲ್ಲಿ ಬಂದು, ಹಾಲು ಬೇಡವೆಂದು ಹಟ ಮಾಡುವ ಮಕ್ಕಳಿಂದ ಲೋಟ ಖಾಲಿ ಮಾಡಿಸುವ ಕತ್ತೆ.

ನಾನು ಅದರ ಮುಖದ ಮುಂದೆ ನಿಂತು ನಮಸ್ಕಾರ ಮಾಡುತ್ತೇನೆ. "ನಿಮ್ಮ ಬಗ್ಗೆ ಬರೀಬೇಕು ಅಂತ ಬಂದಿದೀನಿ" ಎನ್ನುತ್ತೇನೆ. ಮುಖ ಗಂಭೀರವಾಗಿ ತಲೆಯಾಡಿಸುತ್ತದೆ. "ನನ್ನ ಬಗ್ಗೆನಾ? ಯಾಕೆ ಮೇಡಂ?" ಎಂಬ ದನಿ ಬಾಲದ ಕಡೆಯಿಂದ ಬರುತ್ತದೆ. "ನಿನ್ನ ಬಗ್ಗೆ ಅಲ್ಲಪ್ಪ, ನನ್ನ ಬಗ್ಗೆ ಇರ್ಬೇಕು" ಎಂದು ಕತ್ತಿನೊಳಗಿಂದ ಇನ್ನೊಂದು ದನಿ. "ಹೌದಾ? ಹಾಗಾದ್ರೆ ಸರಿ" ಎಂದು ಬಾಲದ ಕಡೆಯವರು ಒಪ್ಪಿಬಿಡುತ್ತಾರೆ. ನನಗೆ ಅಲ್ಲಿಂದಲೇ ತಲೆ ಗಿರ್ರೆನ್ನಲು ಶುರುವಾಯಿತು. ಆಮೇಲೆ ಅದು ನಿಲ್ಲಲೇ ಇಲ್ಲ.

ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ. "ಜಾಣಪ್ಪನೊಳಗೆ ಇರುವವರ ಬಗ್ಗೆ ಬರೆಯಿರಿ" ಎಂದು ಸಂಪಾದಕರು ಹೇಳಿದಾಗ ಒಳಗೆ ಇಬ್ಬರಿರುತ್ತಾರೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಮೊದಲ ದಿನ ಪ್ರಸಾರ ಮುಗಿದ ಮೇಲೆ, ಮುಖ್ಯವಾದವರು ಇವರೇ ಎಂದುಕೊಂಡು ಒಂದು ಗಂಟೆ ಮುಂಗಾಲಿನವರ ಜೊತೆ ಕಳೆದೆ. ಅವರು ಮಾತುಗಾರರು, ಸ್ವಾಗತಕಾರಿಣಿಯ ಮೇಜಿನ ಹಿಂದೆ ಅವರ ಫೋಟೋ ಕೂಡ ಇದೆ, ಕತ್ತೆಯ ತಲೆಯನ್ನು ಕಂಕುಳಲ್ಲಿ ಹಿಡಿದು ನಗುತ್ತಿರುವುದು. ನಾಲ್ಕು ಪುಟ ಗೀಚಿಕೊಂಡ ಮೇಲೆ, "ಆ ಒದೆ ಹೇಗೆ ಅಷ್ಟು ಚೆನ್ನಾಗಿ ಒದೀತೀರಿ?" ಎಂದು ಕೇಳಿದೆ. ಅವರ ಮುಖ ಸಣ್ಣಗಾಯಿತು. "ಒದೆಯೋದು ನಾನಲ್ಲ. ಅದು ಹಿಂದಿನವನು" ಎಂದರು.

ಆ ಒದೆಯೇ ಅಲ್ಲವೇ ಜಾಣಪ್ಪ ಎಂದರೆ! ನಿರೂಪಕಿ ಏನೋ ಒಂದು ಪಾಠ ಹೇಳಿ, ಸೊಂಟದ ಮೇಲೆ ಕೈಯಿಟ್ಟು, "ಬುದ್ಧಿ ಬಂತಾ ಜಾಣಪ್ಪ?" ಎನ್ನುತ್ತಾರೆ. ಕತ್ತೆ ಅರೆಗಳಿಗೆ ಯೋಚಿಸುತ್ತದೆ. ಬಾಲ ಒಂದು ಸುತ್ತು ತಿರುಗುತ್ತದೆ. ಆಮೇಲೆ ಬಲಗಾಲು ಹಿಂದಕ್ಕೆ ಚಿಮ್ಮುತ್ತದೆ, ಹಿಂದಿರುವ ಡಬ್ಬ ಹಾರಿಹೋಗುತ್ತದೆ. ಮನೆಮನೆಯಲ್ಲಿ ಮಕ್ಕಳೂ ಒದೆಯುತ್ತಾರೆ. ನನ್ನ ತಮ್ಮನ ಮಗಳು ಒಂದು ಹೂಕುಂಡ ಒಡೆದಿದ್ದಾಳೆ. ಅಷ್ಟು ಪ್ರಸಿದ್ಧವಾದ ಕಾಲಿನ ಒಡೆಯರನ್ನು ಬಿಟ್ಟು ನಾನು ಒಂದು ಗಂಟೆ ಕಾಲ ಕಿವಿಯ ಒಡೆಯರನ್ನು ಮಾತಾಡಿಸಿದ್ದೆ.

ಸ್ಟುಡಿಯೋದಲ್ಲಿ ಆ ಕಾಲಿನ ಒಡೆಯರನ್ನು ಎಲ್ಲರೂ 'ಹಿಂಗಾಲು' ಎಂದೇ ಕರೆಯುತ್ತಾರೆ. ವಯಸ್ಸು ನಲವತ್ತನಾಲ್ಕು. ಹೊರಗೆ ಬಂದಾಗಲೂ ಸ್ವಲ್ಪ ಬಗ್ಗಿಯೇ ನಡೆಯುತ್ತಾರೆ, ಬಾಗಿಲಿನಲ್ಲಿ ಬೇರೆಯವರನ್ನು ಮುಂದೆ ಬಿಟ್ಟು ತಾವು ಹಿಂದೆ ನಿಲ್ಲುತ್ತಾರೆ. ಅವರ ಬಗ್ಗೆ ಬರೆಯಲು ಕೂತರೆ ಕ್ರಿಯಾಪದವೇ ಕೈಕೊಡುತ್ತದೆ. ಜಾಣಪ್ಪ ಬಂತು ಎನ್ನಲೇ, ಬಂದ ಎನ್ನಲೇ, ಇಬ್ಬರಿರುವುದರಿಂದ ಬಂದರು ಎನ್ನಲೇ? ಅವರನ್ನೇ ಕೇಳಿದೆ. "ಮುಂದಿನ ಭಾಗ ಬಂದ್ರು ಅನ್ನಿ. ಹಿಂದಿನ ಭಾಗ ಬಂತು ಅಂದ್ರೂ ನಡೆಯುತ್ತೆ" ಎಂದರು.

ಮುಂಗಾಲು ಬೇರೆ ಯಾರೂ ಅಲ್ಲ, ಇವರ ಷಡ್ಡಕ. ಹೆಂಡತಿಯ ಅಕ್ಕನ ಗಂಡ, ಇವರ ಬಾಯಲ್ಲಿ 'ಅಣ್ಣ'. ಹದಿನೇಳು ವರ್ಷದ ಹಿಂದೆ ಇವರು ಪೀಠೋಪಕರಣದ ಗೋದಾಮಿನಲ್ಲಿ ಬೀರು, ಮಂಚ ಹೊರುತ್ತಿದ್ದರು. ಆಗ ಜಾಣಪ್ಪನ ಹಿಂಗಾಲಾಗಿದ್ದವನು ಮೂರನೆಯ ದಿನಕ್ಕೇ ಹೇಳದೆ ಕೇಳದೆ ಓಟ ಕಿತ್ತ. "ಅಣ್ಣ ಮನೆಗೆ ಬಂದು, ಒಂದು ವಾರ ಬಂದು ಹೋಗು ಅಂದ್ರು. ಭಾರ ಹೊರೋನು, ಬಗ್ಗಿ ಅಭ್ಯಾಸ ಇದೆ ಅಂತ. ಆ ವಾರ ಇನ್ನೂ ಮುಗಿದಿಲ್ಲ ಮೇಡಂ" ಎನ್ನುತ್ತಾರೆ.

ಅವರ ದಿನ ನಾಲ್ಕಕ್ಕೆ ಏಳುವುದರಿಂದ ಶುರು. ಐದರ ಮೇಲೆ ನೀರು ಮುಟ್ಟುವುದಿಲ್ಲ. ಒಳಗೆ ಹೋದ ಮೇಲೆ ಹೊರಗೆ ಬರಲು ಹೊಲಿಗೆಯನ್ನೇ ಬಿಚ್ಚಬೇಕು. ಹಿಂಭಾಗದ ತೂಕ ಹನ್ನೊಂದು ಕಿಲೋ. ಪ್ರಸಾರ ನಲವತ್ತು ನಿಮಿಷ, ಅಷ್ಟೂ ಹೊತ್ತು ಸೊಂಟದಿಂದ ಮಡಚಿಕೊಂಡಿರಬೇಕು. ಬಲಗೈ ಷಡ್ಡಕನ ಬೆಲ್ಟಿನಲ್ಲಿ, ಎಡಗೈ ಹೆಬ್ಬೆರಳಿಗೆ ಬಾಲದ ದಾರ. ಕಣ್ಣಿಗೆ ಕಾಣುವುದು ಷಡ್ಡಕನ ಹಿಮ್ಮಡಿ ಮಾತ್ರ. ಹಿಮ್ಮಡಿ ಒಮ್ಮೆ ಕುಟ್ಟಿದರೆ ನಡೆ, ಎರಡು ಸಲ ಕುಟ್ಟಿದರೆ ನಿಲ್ಲು. ಒದೆಗೆ ಮಾತ್ರ ಯಾವ ಸನ್ನೆಯೂ ಇಲ್ಲ. ಅದು ಇವರ ಸ್ವಂತದ್ದು.

ಒಂದು ಪ್ರಸಾರಕ್ಕೆ ಒಂಬತ್ತು ಒದೆ, ಇದುವರೆಗೆ ನಾಲ್ಕು ಸಾವಿರ ಪ್ರಸಾರ ದಾಟಿದೆ, ಅಂದರೆ ಮೂವತ್ತಾರು ಸಾವಿರ ಒದೆ ಎಂದು ನಾನು ಲೆಕ್ಕ ಹಾಕಿ ಹೇಳಿದೆ. ಅವರು ಗಾಬರಿಯಾದರು. "ಅಷ್ಟೊಂದಾ? ಯಾರಿಗೆ?" ಎಂದು ಕೇಳಿದರು. ಕಷ್ಟ ಏನು ಎಂದು ಕೇಳಿದರೆ ಬೆನ್ನು, ಮಂಡಿ ಎರಡನ್ನೂ ಹೆಸರಿಸಿ, ಆಮೇಲೆ ದನಿ ತಗ್ಗಿಸಿ, "ಅಣ್ಣ ಹಿಂದಿನ ದಿನ ಏನು ತಿಂದಿದ್ರು ಅಂತ ಮೊದಲು ಗೊತ್ತಾಗೋದು ನನಗೇ. ಬರೀಬೇಡಿ" ಎಂದರು. ಬರೆದಿದ್ದೇನೆ, ಕ್ಷಮಿಸಬೇಕು.

ಈಗ ನಿಜವಾದ ಗೊಂದಲಕ್ಕೆ ಬರುತ್ತೇನೆ. ಕತ್ತೆಯ ತಲೆ ಆರು ಕಿಲೋ. ಅದನ್ನು ಇಷ್ಟು ವರ್ಷ ಹೊತ್ತು ಷಡ್ಡಕನ ಕುತ್ತಿಗೆ ಕೆಟ್ಟಿದೆ, ಈ ತಿಂಗಳ ಕೊನೆಗೆ ಬಿಡಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಕಾರ್ಯಕ್ರಮದ ಪ್ರೊಡ್ಯೂಸರ್ ಇವರನ್ನು ಕರೆದು ಎರಡೇ ಮಾತು ಹೇಳಿದ್ದಾರೆ: ನೀನು ಮುಂದಕ್ಕೆ ಬಾ, ಹಿಂದಕ್ಕೆ ಬೇರೆಯವರನ್ನು ಹಾಕೋಣ, ಅದು ಆಗದಿದ್ದರೆ ಜಾಣಪ್ಪನನ್ನೇ ಎರಡು ಕಾಲಿನ ಮೇಲೆ ನಿಲ್ಲಿಸುತ್ತೇವೆ. ಒಬ್ಬರೇ ತೊಟ್ಟು ಕೈಬೀಸಿಕೊಂಡು ಓಡಾಡುವ ಕತ್ತೆಯ ಚಿತ್ರವೊಂದು ಆಗಲೇ ಅವರ ಮೇಜಿನ ಮೇಲಿದೆ. ಅದಕ್ಕೆ ಹಿಂಗಾಲೇ ಇಲ್ಲ.

"ಕೈ ಬೀಸೋ ಕತ್ತೆ!" ಎನ್ನುತ್ತಾರೆ ಇವರು. "ಎಲ್ಲಾದ್ರೂ ಉಂಟಾ ಮೇಡಂ? ಮತ್ತೆ ಒದೆಯೋದ್ಯಾರು?"

ಮನೆಯಲ್ಲಿ ಮಾತ್ರ ಸಂಭ್ರಮ. ಇವರ ಹೆಂಡತಿ ಇಷ್ಟು ವರ್ಷ ಅಕ್ಕನ ಮುಂದೆ ತಗ್ಗಿಯೇ ಮಾತಾಡಿದವರು. ನೆಂಟರ ನಡುವೆ ಅಕ್ಕ, "ನಮ್ಮೋರು ತಲೆ, ಅವಳ ಯಜಮಾನ್ರು ಬಾಲ" ಎಂದು ನಗೆಯಾಡಿದಾಗಲೆಲ್ಲ ನಕ್ಕೂ ನಗದಂತೆ ಇದ್ದವರು. "ಮುಂದೆ ಬನ್ನಿ ಅಂತ ಅವರೇ ಕರೀತಿದಾರೆ. ಈಗಲೂ ಹಿಂದೇಟು ಹಾಕಿದ್ರೆ ನಾನು ಸುಮ್ನಿರಲ್ಲ" ಎಂದು ಅವರು ಗಂಡನಿಗೂ ಹೇಳಿದ್ದಾರೆ, ನನಗೂ ಹೇಳಿದ್ದಾರೆ. ನಾನೂ ತಲೆಯಾಡಿಸಿದೆ. ಮುಂದೆ ಬರುವುದು ಯಾರಿಗೆ ಬೇಡ?

ಶನಿವಾರ ಬೆಳಿಗ್ಗೆ ಪರೀಕ್ಷೆ. ಸಿಬ್ಬಂದಿಯ ಮಕ್ಕಳು ಹದಿನೈದು ಮಂದಿ ಚಾಪೆಯ ಮೇಲೆ ಕೂತಿದ್ದಾರೆ. ಹಿಂಗಾಲಿನವರು ಇಂದು ಮುಂಗಾಲು. ಹಿಂದೆ ಹೋಗಲು ಯಾರೂ ಒಪ್ಪದಿದ್ದುದರಿಂದ ಟೈಲರಮ್ಮ ಇಳಿದಿದ್ದಾರೆ. ಜಾಣಪ್ಪನ ಈವರೆಗಿನ ಮೂರೂ ಚರ್ಮಗಳನ್ನು ಹೊಲಿದವರು, ಐವತ್ತು ದಾಟಿದ ಗಟ್ಟಿ ಹೆಂಗಸು. ಪರದೆ ಸರಿಯುತ್ತದೆ, ಸಂಗೀತ ಬರುತ್ತದೆ. ಕತ್ತೆ ನಿಂತಲ್ಲೇ ನಿಂತಿದೆ.

"ಹೋಗಿ ಮುಂದಕ್ಕೆ" ಎಂದು ಹೊಟ್ಟೆಯೊಳಗಿಂದ ಟೈಲರಮ್ಮನ ಪಿಸುಮಾತು. "ಸನ್ನೆ ಬರ್ಲಿ ತಡೀರಿ" ಎಂದು ಕತ್ತಿನೊಳಗಿಂದ ಉತ್ತರ. "ಯಾರ ಸನ್ನೆ? ನೀವೇ ಅಲ್ವಾ ಮುಂದಿರೋದು!" ಮೈಕಿನಲ್ಲಿ ಎಲ್ಲವೂ ಕೇಳಿಸುತ್ತಿದೆ. ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಕೊನೆಗೆ ಕತ್ತೆ ಹೊರಟು, ಕುರ್ಚಿಯೊಂದನ್ನು ಉರುಳಿಸಿ, ಹೇಗೋ ಬಂದು ನಿಲ್ಲುತ್ತದೆ. ನಿರೂಪಕಿ ಪಾಠ ಹೇಳಿ, ಸೊಂಟದ ಮೇಲೆ ಕೈಯಿಟ್ಟು, "ಬುದ್ಧಿ ಬಂತಾ ಜಾಣಪ್ಪ?" ಎನ್ನುತ್ತಾರೆ.

ಹದಿನೇಳು ವರ್ಷ ಆ ಮಾತು ಕೇಳಿದ ಬಲಗಾಲು ಯಾರನ್ನೂ ಕೇಳಲಿಲ್ಲ. ಅದು ಹಿಂದಕ್ಕೆ ಚಿಮ್ಮಿತು. ಹಿಂದೆ ಡಬ್ಬ ಇರಲಿಲ್ಲ, ಟೈಲರಮ್ಮನ ಮೊಣಕಾಲಿತ್ತು. "ಅಯ್ಯಮ್ಮಾ!" ಎಂದು ಕತ್ತೆಯ ಹೊಟ್ಟೆ ಕಿರುಚಿತು. ಹಿಂಗಾಲೆರಡೂ ಒಂದು ಸುತ್ತು ಕುಂಟಿದವು. ಮಕ್ಕಳು ಚಾಪೆಯ ಮೇಲೆ ಬಿದ್ದು ಹೊರಳಾಡಿ ನಕ್ಕರು. "ಜಾಣಪ್ಪ ತನಗೆ ತಾನೇ ಒದ್ಕೊಂಡ!" ಎಂದು ಒಬ್ಬಳು ಕೂಗಿದಳು. ಪ್ರೊಡ್ಯೂಸರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು: "ಅದ್ಭುತ! ಇದನ್ನ ಹಾಗೇ ಇಟ್ಕೊಳ್ಳೋಣ." ಟೈಲರಮ್ಮ ಹೊಲಿಗೆ ಬಿಚ್ಚಿಕೊಂಡು ಹೊರಬಂದು, "ಯಾರ ಕಾಲು ಇಟ್ಕೊಳ್ತೀರಾ?" ಎಂದು ಕೇಳಿದರು.

ಕತ್ತೆಯ ತಲೆ ಕೈಯಲ್ಲಿ ಹಿಡಿದು, ಬೆವರು ಸುರಿಸುತ್ತಾ, ಇವರು ನನ್ನ ಹತ್ತಿರ ಬಂದರು. "ಪಾಸೋ ಫೇಲೋ ಮೇಡಂ?" "ಪಾಸು" ಎಂದೆ. "ಒದ್ದಿದ್ದಕ್ಕಾ, ನಡೆದಿದ್ದಕ್ಕಾ?"

ಅಂದು ಸಂಜೆ ಅವರ ಮನೆಗೆ ಹೋದೆ. ಎರಡು ಕೋಣೆಯ ಮನೆ, ಕಿಟಕಿಯ ಸರಳಿಗೆ ಒಣಹಾಕಿದ ಮಂಡಿಪಟ್ಟಿಗಳು. ಪರೀಕ್ಷೆಯ ವಿಡಿಯೋವನ್ನು ಹೆಂಡತಿ ಮೊಬೈಲಿನಿಂದ ಟಿವಿಗೆ ಹಾಕಿದ್ದಾರೆ. ಅಕ್ಕನೂ ಬಂದಿದ್ದಾರೆ, "ಪರವಾಗಿಲ್ಲ, ಚೆನ್ನಾಗೇ ಮಾಡಿದಾರೆ" ಎಂದು ಒಪ್ಪಿದ್ದಾರೆ. ಹೆಂಡತಿಯ ಮುಖ ಅರಳಿದೆ. ಟಿವಿಗೆ ಒಂದು ಮೊಳ ದೂರದಲ್ಲಿ ಮೊಣಕಾಲು ಮಡಚಿ ಕೂತವರು ಇವರ ತಾಯಿ. ಕಣ್ಣಿಗೆ ಪೊರೆ ಬಂದಿದೆ, ಬಣ್ಣ ತಿಳಿಯುವುದಿಲ್ಲ, ಅಲುಗಾಟ ತಿಳಿಯುತ್ತದೆ. ಇಡೀ ವಿಡಿಯೋ ನೋಡಿ ಮುಗಿಸಿ ಮಗನ ಕಡೆ ತಿರುಗಿದರು.

"ಕಾಲಿಗೆ ಏನಾಯ್ತಪ್ಪಾ? ಕುಂಟ್ತಾ ಇದೀಯಲ್ಲ."

ಸೊಸೆ ನಕ್ಕುಬಿಟ್ಟರು. "ಅತ್ತೆ, ಅದು ಟೈಲರಮ್ಮನ ಕಾಲು. ಇವರು ಈಗ ಮುಂದೆ ಇದಾರೆ. ಮುಂದೆ ನೋಡಿ!"

ಮುದುಕಿ ಇನ್ನಷ್ಟು ಹತ್ತಿರ ಸರಿದು, ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಮುಂದೆ ನೋಡಿದರು. "ಮುಂದೆ ಎಲ್ಲಿ ಇದಾನೆ?" ಎಂದರು. "ಅದು ಕತ್ತೆ ಮುಖ ಅಲ್ವೇನೇ?"

ಎಲ್ಲರೂ ನಕ್ಕರು. ಇವರೊಬ್ಬರು ನಗಲಿಲ್ಲ. ಹದಿನೇಳು ವರ್ಷದಿಂದ ತಾಯಿ ದಿನಾ ಬೆಳಿಗ್ಗೆ ಕತ್ತೆಯ ಹಿಂಗಾಲನ್ನೇ ನೋಡುತ್ತಾ ಬಂದಿದ್ದಾರೆ ಎಂಬುದು ಮಗನಿಗೆ ಗೊತ್ತೇ ಇರಲಿಲ್ಲ. ಆ ಹೊತ್ತಿಗೆ ಅವರು ಯಾವಾಗಲೂ ಕತ್ತೆಯೊಳಗೆ ಇರುತ್ತಿದ್ದರಲ್ಲ!

ಸೋಮವಾರ ಅವರು ಪ್ರೊಡ್ಯೂಸರ್ ಕೋಣೆಗೆ ಹೋಗಿ, "ನಾನು ಹಿಂದೇನೇ ಇರ್ತೀನಿ ಸರ್" ಎನ್ನುತ್ತಾರೆ. ನಾನು ಬಾಗಿಲಲ್ಲೇ ಇದ್ದೇನೆ. "ಮುಂದೆ ಬಾ ಅಂದ್ರೆ ಹಿಂದೆ ಹೋಗ್ತೀನಿ ಅಂತೀಯಲ್ಲ, ತಲೆ ನೆಟ್ಟಗಿದೆಯಾ?" ಎಂದು ಪ್ರೊಡ್ಯೂಸರ್ ರೇಗುತ್ತಾರೆ, ಎರಡು ಕಾಲಿನ ಕತ್ತೆಯ ಚಿತ್ರವನ್ನು ಇವರ ಮುಂದಕ್ಕೆ ತಳ್ಳುತ್ತಾರೆ. ಇವರು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ: ಟೈಲರಮ್ಮ ಮುಂದೆ ಬರಲಿ, ಆ ತಲೆಯ ಕಣ್ಣಿನ ತೂತು ಕೊರೆದವರೇ ಅವರು, ಎಲ್ಲಿಂದ ಏನು ಕಾಣುತ್ತದೆ ಎಂದು ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಟೈಲರಮ್ಮನನ್ನು ಕರೆಸಿ ಕೇಳಿದರು. "ಹಿಂದೆ ನಿಂತು ಒದೆ ತಿನ್ನೋದಕ್ಕಿಂತ ಮುಂದೆ ನಿಂತು ನಿಮ್ಮ ಹತ್ರ ಬೈಸ್ಕೊಳ್ಳೋದು ವಾಸಿ. ತಲೆಯ ತೂಕ ಮಾತ್ರ ಅರ್ಧಕ್ಕೆ ಇಳಿಸ್ತೀನಿ" ಎಂದರು ಆಕೆ. ಮರುದಿನ ಇಬ್ಬರೂ ನಡೆದು ತೋರಿಸಿದರು. ಟೈಲರಮ್ಮನ ಹಿಮ್ಮಡಿ ಖಡಕ್ಕಾಗಿ ಕುಟ್ಟಿತು, ಡಬ್ಬ ಗೋಡೆಯವರೆಗೆ ಹಾರಿತು. ಪ್ರೊಡ್ಯೂಸರ್ ಆ ಚಿತ್ರವನ್ನು ಮಡಚಿ ಡ್ರಾಯರಿಗೆ ಹಾಕಿದರು. ಬರುವ ತಿಂಗಳಿಂದ ಹೊಸ ಮುಂಗಾಲು, ಹಳೆಯ ಹಿಂಗಾಲು.

ಹೆಂಡತಿ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲವಂತೆ. "ಟೀ ಕೊಡ್ತಾಳೆ. ಲೋಟ ಸ್ವಲ್ಪ ಜೋರಾಗಿ ಇಡ್ತಾಳೆ" ಎನ್ನುತ್ತಾರೆ. "ಸರಿ ಮಾಡಿದ್ನೋ ತಪ್ಪು ಮಾಡಿದ್ನೋ ನನಗೂ ತಿಳೀತಿಲ್ಲ ಮೇಡಂ. ನಿಮಗೇನನ್ನಿಸುತ್ತೆ?" ನನಗೆ ಅವರ ಮೇಲೆ ಸಿಟ್ಟೂ ಬರುತ್ತಿದೆ, ಅಪ್ಪಿಕೊಂಡು ಅಳಬೇಕು ಎಂದೂ ಅನಿಸುತ್ತಿದೆ. ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ ಎಂದು ಹೇಳಿ ಜಾರಿಕೊಂಡೆ.

ಅಷ್ಟರಲ್ಲಿ ನಮ್ಮ ಫೋಟೋಗ್ರಾಫರ್ ಬಂದು, ಇವರನ್ನು ಬೆಳಕಿಗೆ ನಿಲ್ಲಿಸಿ, ಕೂದಲು ಸರಿಮಾಡಿ, ಮುಖ ಸ್ವಲ್ಪ ಮೇಲೆತ್ತಿ ಎನ್ನುತ್ತಾರೆ. ಜೀವನದಲ್ಲಿ ಮೊದಲ ಸಲ ಪೇಪರಿನಲ್ಲಿ ಬರುವ ಮುಖ. ಇವರು ಹಿಂದೆ ಮುಂದೆ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, ಸಂಕೋಚದಿಂದ ಕೇಳುತ್ತಾರೆ:

"ಬೇಜಾರು ಮಾಡ್ಕೋಬೇಡಿ ಮೇಡಂ. ಕತ್ತೆ ಹಾಕ್ಕೊಂಡು ಬರ್ತೀನಿ, ಕಾಲೆತ್ತಿದಾಗ ಹಿಂದಿನಿಂದ ತೆಗೀರಿ. ಅಮ್ಮಂಗೆ ಗುರುತು ಸಿಗ್ಬೇಕು."