ಬುಡದ ಮೇಲಿನ ಹೆಸರು

ಹೋದ ತಿಂಗಳು ಸಿಂದಗಿಯ ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಾಗ ಎಲೆಯ ಪಕ್ಕ ತಾಮ್ರದ ಲೋಟ ಬಂತು. ಮಂಟಪದ ಬಾಗಿಲಲ್ಲಿ 'ಪರಿಸರಸ್ನೇಹಿ ಮದುವೆ' ಎಂದು ಬಟ್ಟೆಯ ಮೇಲೆ ಬರೆಸಿದ್ದರು. ನಾನು ಲೋಟವನ್ನು ಬೋರಲು ಮಾಡಿ ಬುಡ ನೋಡಿದೆ. ಪಕ್ಕದವರು ನಕ್ಕರು. ಆ ರೂಢಿ ನನ್ನ ಕೈಗೆ ಬಿದ್ದದ್ದು ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ, ಎದುರುಮನೆ ಕಾಕಿಯ ಮಗಳ ಮದುವೆಯ ದಿನ...

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಊಟಕ್ಕೆ ಪ್ಲಾಸ್ಟಿಕ್ ಲೋಟ ಇಡುವುದೇ ದೊಡ್ಡಸ್ತಿಕೆ ಎನ್ನುವ ಕಾಲ. ಯಾರದೋ ಮದುವೆ ಮುಗಿದ ಮೇಲೆ ತಿಪ್ಪೆಯಲ್ಲಿ ಬಿದ್ದಿದ್ದ, ಸಾರು ಮೆತ್ತಿದ ಲೋಟಗಳನ್ನು ತಿಂದು ಕಾಕಿಯ ಎಮ್ಮೆ ಸತ್ತಿತು. ದನದ ಡಾಕ್ಟರು ಹೊಟ್ಟೆ ಕೊಯ್ದು ತೆಗೆದದ್ದನ್ನು ಅವಳು ನೋಡಿದಳು. ನಾನೂ ನೋಡಿದೆ. ಆ ಲೋಟಗಳ ಬಣ್ಣ ಯಾವುದೆಂದು ಈಗ ಬರೆದರೆ ಅದು ನಾನು ಕಟ್ಟಿದ್ದಾಗುತ್ತದೆ. ವಾಸನೆ ಮಾತ್ರ ನಿಜ.

"ನನ್ನ ಮಗಳ ಲಗ್ನದಾಗ ಒಂದ ಪ್ಲಾಸ್ಟಿಕ್ ಲೋಟ ಕಂಡ್ರ ನನ್ನ ಕೇಳ್ರಿ," ಎಂದು ಅವಳು ಮನೆಮನೆಗೆ ಹೋದಳು. ಮದುವೆಯ ಮನೆಯವರು ಜೋಳದ ಹಿಟ್ಟು ಹಂಚುವುದು, ಓಣಿಯವರೆಲ್ಲ ರೊಟ್ಟಿ ಮಾಡಿಕೊಡುವುದು ನಮ್ಮಲ್ಲಿ ಇದ್ದದ್ದೇ. ಕಾಕಿ ಹಿಟ್ಟು ಕೊಟ್ಟು, ಸ್ಟೀಲ್ ಲೋಟಗಳನ್ನೂ ಕೇಳಿದಳು.

"ಲೋಟ ಕಳದ್ರ ಏನ್ ಮಾಡ್ತಿ?" ನನ್ನವ್ವ ಚೇಷ್ಟೆ ಮಾಡಿದಳು.

"ಅಳಿಯನ್ನ ನಿನ್ನ ಮನ್ಯಾಗ ಒತ್ತಿ ಇಡ್ತೇನಿ, ತಗೋ!"

ಆಗೆಲ್ಲ ಪಾತ್ರೆಗಳ ಮೇಲೆ ಹೆಸರು ಕೆತ್ತಿಸುತ್ತಿದ್ದರು, ಯಾರದು ಯಾರಿಗೆ ಮರಳಬೇಕೆಂದು ತಿಳಿಯಲೆಂದೇ. ಓಣಿಯ ತುದಿಯ ಟೇಲರ್ ಚಾಚಾನ ಹೆಂಡತಿ, ನಮ್ಮ ಚಾಚಿ, ಒಂದು ಬುಟ್ಟಿ ಲೋಟಗಳನ್ನು ಬೂದಿ ಹಚ್ಚಿ ತಿಕ್ಕಿ ಕಳಿಸಿದಳು.

ವಧೂವರರ ಮೇಲೆ ಅಕ್ಕಿಕಾಳು ಬಿದ್ದು ಗಂಡಿನವರ ಪಂಗತಿ ಕುಳಿತಿತು. ನೀರು ಕೊಡುತ್ತಿದ್ದವಳು ನಾನು. ನಾಲತವಾಡದಿಂದ ಬಂದಿದ್ದ ವರನ ದೊಡ್ಡಪ್ಪ ಖಾಲಿ ಲೋಟ ಬೋರಲು ಮಾಡಿ ಬುಡದ ಹೆಸರನ್ನು ಗಟ್ಟಿಯಾಗಿ ಓದಿದ. ಚಾಚಾನ ಹೆಸರು.

"ಏನ್ರೀ ಬೀಗರ, ಯಾರ ಮನಿ ಭಾಂಡೇದಾಗ ನಮಗ ನೀರು ಕುಡಸಾಕತ್ತೀರಿ?"

"ನಮ್ಮ ಓಣಿಯವರದ್ರಿ. ಸ್ವಚ್ಛ ತೊಳದದ್ದೈತ್ರಿ," ಎಂದಳು ಕಾಕಿ.

"ತೊಳದ್ರ ಹೆಸರು ಹೋಗತೈತೇನು?"

ಅವನು ಎಲೆ ಬಿಟ್ಟು ಎದ್ದ. ಪಂಗತಿ ಪೂರ್ತಿ ಎದ್ದಿತು.

ಕಾಕಿ ಅದೇ ಲೋಟದಲ್ಲಿ ಎಲ್ಲರೆದುರು ಗಟಗಟ ನೀರು ಕುಡಿದಳು ಎಂದು ಓಣಿಯವರು ಇಂದಿಗೂ ಹೇಳುತ್ತಾರೆ. ಸುಳ್ಳು. ಕೊಡ ಹಿಡಿದು ಪಕ್ಕದಲ್ಲೇ ನಿಂತಿದ್ದೆ ನಾನು. ಅವಳು ಕುಡಿಯಲಿಲ್ಲ. ಮಗಳು ಸಂಜೆ ಅವರ ಮನೆಗೇ ಹೋಗಬೇಕಿತ್ತು. ಕಾಕಿಯ ಮೈದುನ ಬಜಾರಕ್ಕೆ ಓಡಿ ಪ್ಲಾಸ್ಟಿಕ್ ಲೋಟಗಳ ಕಟ್ಟು ತಂದ, ಅವಳು ತಡೆಯಲಿಲ್ಲ. ಪಂಗತಿ ಮತ್ತೆ ಕುಳಿತಿತು. ಆ ದೊಡ್ಡಪ್ಪನ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಸಿಟ್ಟು ನನಗೆ ಈ ಸುಳ್ಳಿನ ಮೇಲೂ ಇದೆ. ಅಲ್ಲಿ ಎಲ್ಲ ಮನೆಗಳ ಲೋಟಗಳೂ ಇದ್ದವು, ಎಲ್ಲ ಮನೆಗಳ ಗಂಡಸರೂ ಇದ್ದರು. ಒಬ್ಬನೂ ಬಾಯಿ ಬಿಚ್ಚಲಿಲ್ಲ. ಈಗ ಅವಳಿಗೆ ಧೈರ್ಯದ ಹಾರ ಹಾಕಿ ತಮ್ಮ ನಾಲಿಗೆ ತೊಳೆದುಕೊಳ್ಳುತ್ತಾರೆ!

ಮಗಳನ್ನು ಕಳಿಸುವ ಹೊತ್ತಿಗೆ ಕಾಕಿ ಇರಲಿಲ್ಲ. ಹುಡುಕಿಕೊಂಡು ಹೋದೆ. ಸೀರೆಯ ನಿರಿಗೆ ಮೇಲೆತ್ತಿ ಸಿಕ್ಕಿಸಿಕೊಂಡು, ತಿಪ್ಪೆಯಲ್ಲಿ ಪ್ಲಾಸ್ಟಿಕ್ ಲೋಟಗಳನ್ನು ಆರಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದಳು. ಪಕ್ಕದಲ್ಲಿ ಚಾಚಿ ಬಗ್ಗಿ ನಿಂತು ಆರಿಸುತ್ತಿದ್ದಳು.

"ಮಗಳು ಹೊಂಟಾಳ, ಹೋಗವ್ವಾ. ನಾ ಆರಸ್ತೇನಿ," ಎಂದಳು ಚಾಚಿ.

"ದನ ಬರೂ ಹೊತ್ತಾತು," ಎಂದಳು ಕಾಕಿ. ಚಾಚಿಯ ಕಡೆ ಮುಖ ಎತ್ತಲಿಲ್ಲ...

ಕಾಕಿ ತೀರಿಹೋಗಿ ಬಹಳ ವರ್ಷಗಳಾದವು. ಲೋಟ ಕೇಳಿಕೊಂಡು ಆಮೇಲೆ ನಮ್ಮ ಓಣಿಯಲ್ಲಿ ಯಾರೂ ಮನೆಮನೆಗೆ ತಿರುಗಲಿಲ್ಲ.

ಸಿಂದಗಿಯ ಲೋಟದ ಬುಡ ನುಣ್ಣಗಿತ್ತು. ಬಾಡಿಗೆಯದು. ಯಾರ ಹೆಸರೂ ಇಲ್ಲದ ಕಾರಣ ಎಲ್ಲರೂ ನಿಶ್ಚಿಂತೆಯಿಂದ ಕುಡಿಯುತ್ತಿದ್ದರು.

"ಕುಡೀರಿ ಅಕ್ಕಾರ, ತಾಮ್ರದ್ದು, ಆರೋಗ್ಯಕ್ಕ ಚಲೋ," ಎಂದ ನೀರು ಕೊಡುವವನು.

ನಾನು ಲೋಟವನ್ನು ಬೋರಲಾಗಿಯೇ ಇಟ್ಟೆ.